ಗೌಹರ್ ಜಾನ್, ಮಂಡಿ ಮೊಹಲ್ಲಾ ಮತ್ತು ಒಂದು ಒಡೆದ ತಟ್ಟೆ

ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯ ಮುಂದೆ ದಿನವೂ ಸಾವಿರಾರು ಜನ ಹಾದುಹೋಗುತ್ತಾರೆ. ಮಾರುಕಟ್ಟೆಗೆ ಹೋಗುವವರು, ರೈಲಿಗೆ ಓಡುವವರು, ಒಳಗೆ ಮಲಗಿರುವ ರೋಗಿಗೆ ಗಂಜಿ ತರುವವರು. 1930ರ ಜನವರಿ 17ರಂದು, ಒಂದು ಕಾಲದಲ್ಲಿ ಇಡೀ ಹಿಂದೂಸ್ತಾನವೇ ಹೆಸರು ಬಲ್ಲ ಗಾಯಕಿಯೊಬ್ಬಳು ಈ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಳೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! ಆಕೆಯ ಹೆಸರು ಗೌಹರ್ ಜಾನ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಪಾಠ ಮಾಡಿದ ನಾನು ತರಗತಿಯಲ್ಲಿ ಒಮ್ಮೆಯೂ ಈ ಹೆಸರನ್ನು ಎತ್ತಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಿಕೊಳ್ಳಲು ನನಗೆ ಸುಮಾರು ಐದು ದಶಕಗಳೇ ಬೇಕಾದವು. ಆ ಎರಡನೆಯ ಕಾರಣಕ್ಕಾಗಿಯೇ ಈ ಬರಹ.

ಆಸ್ಪತ್ರೆಯಿಂದ ಸ್ವಲ್ಪ ನಡೆದರೆ ಮಂಡಿ ಮೊಹಲ್ಲಾ ಸಿಗುತ್ತದೆ. ಮಂಡಿಯೆಂದರೆ ಸಗಟು ವ್ಯಾಪಾರದ ಸ್ಥಳವೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಅರಮನೆಯ ಸುತ್ತ ಬೆಳೆದ ಮೈಸೂರಿಗೆ ಎರಡು ಮುಖಗಳಿವೆ. ದಸರೆಯ ಚಿತ್ರಗಳಲ್ಲಿ ಕಾಣುವುದು ಒಂದು. ದವಸ, ಬೆಲ್ಲ, ಬೀಡಿ, ಊದುಬತ್ತಿ, ಕುದುರೆ ಲಾಳ, ಗುಜರಿ ಇವುಗಳಿಂದ ಹೊಟ್ಟೆ ಹೊರೆದುಕೊಂಡ ಮೊಹಲ್ಲಾಗಳದು ಇನ್ನೊಂದು. ನನ್ನ ಬಾಲ್ಯದಲ್ಲಿ ಇಲ್ಲಿನ ಓಣಿಗಳಲ್ಲಿ ಟಾಂಗಾ ಕುದುರೆಗಳ ಸಪ್ಪಳ ಕೇಳುತ್ತಿತ್ತು. ಮನೆಯ ಜಗಲಿಯ ಮೇಲೆ ಹೆಂಗಸರು ಕುಳಿತು ಊದುಬತ್ತಿ ಹೊಸೆಯುತ್ತಿದ್ದರು. ಕನ್ನಡವೂ ದಖ್ಖನಿ ಉರ್ದುವೂ ಒಂದೇ ವಾಕ್ಯದಲ್ಲಿ ಜೊತೆಯಾಗಿ ಬರುತ್ತಿದ್ದವು.

ನನ್ನ ಹೈಸ್ಕೂಲು ಗೆಳೆಯನ ಮನೆ ಅಲ್ಲಿತ್ತು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. "ಕಥೆ ಬರಿ, ಹೆಸರು ಹಾಕಬೇಡ" ಎಂದು ಅವನೇ ತಾಕೀತು ಮಾಡಿದ್ದಾನೆ. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿತ್ತು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಬಾನುಲಿ ಕೇಂದ್ರ ನಡೆಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟರಲ್ಲ, ಅದೇ ಒಂಟಿಕೊಪ್ಪಲು. ಮುಂದೆ ಆ ಹೆಸರನ್ನೇ ದೇಶದ ಬಾನುಲಿಗೆ ಇಡಲಾಯಿತು. ನಮ್ಮ ಬಡಾವಣೆಯವರಿಗೆ ಅದೊಂದು ಹೆಮ್ಮೆಯ ಸಂಗತಿ. ಆದರೆ ನಾನು ರೇಡಿಯೋ ಕೇಳುವುದನ್ನು ಕಲಿತದ್ದು ಒಂಟಿಕೊಪ್ಪಲಿನಲ್ಲಲ್ಲ, ಮಂಡಿ ಮೊಹಲ್ಲಾದ ಒಂದು ಟೀ ಅಂಗಡಿಯಲ್ಲಿ.

ಪ್ರತಿ ಬುಧವಾರ ರಾತ್ರಿ ಎಂಟು ಗಂಟೆಗೆ ಸಿಲೋನ್ ರೇಡಿಯೋದಲ್ಲಿ ಬಿನಾಕಾ ಗೀತ್‌ಮಾಲಾ ಬರುತ್ತಿತ್ತು. ಅದರ ಹುಟ್ಟಿನ ಹಿಂದೆಯೂ ಒಂದು ಇತಿಹಾಸವಿದೆ. 1952ರಲ್ಲಿ ಕೇಂದ್ರದ ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳೆಂದರೆ ಆಗುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಬೇಕೆಂಬುದು ಅವರ ಹಂಬಲ. ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಜನ ತಿದ್ದಿಕೊಳ್ಳಲಿಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿಕೊಂಡರು. ಅದೇ ವರ್ಷದ ಡಿಸೆಂಬರ್ 3ರ ಬುಧವಾರ ಅಮೀನ್ ಸಯಾನಿಯವರ ಗೀತ್‌ಮಾಲಾ ಆರಂಭವಾಯಿತು. ತಪ್ಪು ತಿಳಿದುಕೊಂಡ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತಾದರೂ, ಬುಧವಾರದ ಎಂಟು ಗಂಟೆ ಮಾತ್ರ ಸಿಲೋನಿನದೇ ಆಗಿ ಉಳಿಯಿತು. ಜನರ ಕಿವಿಯನ್ನು ಕಾನೂನಿನಿಂದ ಆಳಲಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾವಿಬ್ಬರೂ 1972ರಿಂದ 1974ರವರೆಗೆ ಆ ಟೀ ಅಂಗಡಿಯ ಬೆಂಚಿನ ಖಾಯಂ ಗಿರಾಕಿಗಳು. ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುವುದು, ಅಮೀನ್ ಸಯಾನಿಯವರು ಒಂದೊಂದೇ ‘ಪಾಯ್ದಾನ್’ ಏರುತ್ತ ಹೋದಂತೆ ಹಾಡುಗಳ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ, ಅವನು ಉರ್ದುವಿನಲ್ಲಿ. ಆ ನೆಪದಲ್ಲಿ ಅವನಿಂದ ನಾನು ಉರ್ದು ಅಕ್ಷರಗಳನ್ನು ಕಲಿತೆ, ನನ್ನಿಂದ ಅವನು ಕನ್ನಡದ ಸಂಧಿ ಸಮಾಸಗಳನ್ನು ಕಲಿತು ಪಾಸಾದ. ಇಬ್ಬರಿಗೂ ಮಹಮ್ಮದ್ ರಫಿ ಎಂದರೆ ಪ್ರಾಣ. ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕಾಗಿ ರಫಿಯವರು ಕನ್ನಡದಲ್ಲಿ ಹಾಡಿದ್ದು ಯಾರ ಪಾಲಿನ ಹೆಮ್ಮೆ, ನನ್ನದೋ ಅವನದೋ ಎಂದು ಒಂದು ಸಂಜೆಯೆಲ್ಲ ವಾದಿಸಿದ್ದೆವು.

ಆ ಮನೆಯಲ್ಲಿ ರೇಡಿಯೋಗಿಂತ ದೊಡ್ಡದೊಂದು ಆಕರ್ಷಣೆಯಿತ್ತು. ಗೆಳೆಯನ ಅಜ್ಜ, ನಾವೆಲ್ಲ ‘ದಾದಾ’ ಎನ್ನುತ್ತಿದ್ದವರು, ಟಾಂಗಾ ಓಡಿಸಿ ಸಾಕಾಗಿ ಕುಳಿತಿದ್ದರು. ಅವರ ಹತ್ತಿರ ಕೀಲಿ ಕೊಡುವ ಗ್ರಾಮಫೋನ್ ಒಂದೂ, ಮೂವತ್ತು ನಲವತ್ತು ತಟ್ಟೆಗಳೂ ಇದ್ದವು. ಯುದ್ಧ ಮುಗಿದ ಮೇಲೆ ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಿಗೆ ಬಂದಾಗ ಒಟ್ಟಾಗಿ ಕೊಂಡದ್ದಂತೆ. ಅವರು ಅದನ್ನು ‘ಪ್ಲೇಟು’ ಎನ್ನುತ್ತಿದ್ದರು. ಶುಕ್ರವಾರ ನಮಾಜಿನಿಂದ ಬಂದು ಊಟ ಮುಗಿಸಿದ ನಂತರ ಒಂದೆರಡು ಪ್ಲೇಟು ಹಾಕುವುದು ಅವರ ಪದ್ಧತಿ. ಮುಳ್ಳು ಬದಲಿಸುವ ಕೆಲಸ ನಮ್ಮಿಬ್ಬರದು.

ಅವುಗಳಲ್ಲಿ ಒಂದನ್ನು ಮಾತ್ರ ಅವರು ನಮ್ಮ ಕೈಗೆ ಕೊಡುತ್ತಿರಲಿಲ್ಲ. ಅದು ಗೌಹರ್ ಜಾನ್‌ರದು. ಒಂದೇ ಬದಿಯಲ್ಲಿ ಹಾಡು, ಇನ್ನೊಂದು ಬದಿ ಬರೀ ನುಣುಪು. ನಡುವಿನ ಚೀಟಿಯ ಮೇಲೆ ರೆಕ್ಕೆಯಿರುವ ಮಗುವೊಂದು ತಟ್ಟೆಯ ಮೇಲೆ ಕುಳಿತು ಗರಿಯ ಲೇಖನಿಯಿಂದ ಏನನ್ನೋ ಬರೆಯುತ್ತಿರುವ ಚಿತ್ರ. ದಾದಾ ಅದನ್ನು ತೋರಿಸಿ ಹೇಳುತ್ತಿದ್ದರು: "ಇವರು ಫರಿಷ್ತರು. ಪ್ರತಿಯೊಬ್ಬನ ಹೆಗಲ ಮೇಲೂ ಇಬ್ಬರು ಕೂತಿರ್ತಾರೆ. ಬಲಗಡೆಯವರು ಒಳ್ಳೇದನ್ನ ಬರೀತಾರೆ, ಎಡಗಡೆಯವರು ಕೆಟ್ಟದ್ದನ್ನ. ಪರೀಕ್ಷೇಲಿ ಕಾಪಿ ಹೊಡೆದ್ರೂ ಬರೀತಾರೆ, ಗೊತ್ತಾಯ್ತಾ?" ನಾವು ನಗುತ್ತಿದ್ದೆವು. ಹಾಡಿನ ಕೊನೆಯಲ್ಲಿ ಗಾಯಕಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದುದು ನಮಗೆ ಇನ್ನೂ ತಮಾಷೆ. ನಾವಿಬ್ಬರೂ ರಸ್ತೆಯಲ್ಲಿ ಅದನ್ನೇ ಅಣಕಿಸುತ್ತ ಓಡಾಡುತ್ತಿದ್ದೆವು.

ಆ ಅಣಕದ ಹಿಂದಿನ ಸಂಗತಿಯನ್ನು ನಾನು ಸರಿಯಾಗಿ ತಿಳಿದದ್ದು ಬಹಳ ತಡವಾಗಿ. 2010ರಲ್ಲಿ ವಿಕ್ರಮ್ ಸಂಪತ್ ಅವರು ಬರೆದ ಗೌಹರ್ ಜಾನ್ ಜೀವನಚರಿತ್ರೆ ಪ್ರಕಟವಾಯಿತು. ಅದನ್ನು ಓದಿದ ಮೇಲೆ ದಾದಾರ ತಟ್ಟೆ ನನ್ನ ಕಣ್ಣಮುಂದೆ ಮತ್ತೆ ತಿರುಗತೊಡಗಿತು.

ಗೌಹರ್ ಹುಟ್ಟಿದ್ದು 1873ರಲ್ಲಿ, ಆಜಮ್‌ಗಢದಲ್ಲಿ, ಅರ್ಮೇನಿಯನ್ ಮೂಲದ ಕ್ರೈಸ್ತ ತಂದೆಯ ಮಗಳಾಗಿ. ಹುಟ್ಟುಹೆಸರು ಏಂಜಲೀನಾ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಕಾಶಿಗೆ ಬಂದು, ಇಸ್ಲಾಮನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿ ಪ್ರಸಿದ್ಧಳಾದಳು. ಮಗಳು ಗೌಹರ್ ಆದಳು. ಮುಂದೆ ಕಲ್ಕತ್ತೆ ಅವರ ಊರಾಯಿತು. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಭಾರತಕ್ಕೆ ಬಂದು ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಧ್ವನಿಮುದ್ರಣ ನಡೆಸಿದಾಗ, ಅವನು ಕಂಡುಕೊಂಡ ದೊಡ್ಡ ತಾರೆ ಈಕೆಯೇ. ಅಂದು ಮೈಕ್ ಇರಲಿಲ್ಲ. ವಿದ್ಯುತ್ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಅದಕ್ಕೆ ಮೊದಲು ಕಲಾವಿದರು ದೊಡ್ಡದೊಂದು ಕೊಂಬಿನ ಬಾಯಿಗೆ ಮುಖವೊಡ್ಡಿ, ತಮ್ಮ ಶಕ್ತಿಯನ್ನೆಲ್ಲ ಕೂಡಿಸಿ ಹಾಡಬೇಕಿತ್ತು. ತಾಸುಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು. ದೊಡ್ಡ ದೊಡ್ಡ ಉಸ್ತಾದರು ಇದನ್ನು ಅವಮಾನವೆಂದು ದೂರವಿಟ್ಟ ಹೊತ್ತಿನಲ್ಲಿ ಗೌಹರ್ ಜಾನ್ ಆ ಮೂರು ನಿಮಿಷವನ್ನು ಗೆದ್ದುಕೊಂಡಳು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ, ಸುಮಾರು ಆರುನೂರು ಧ್ವನಿಮುದ್ರಣಗಳು ಆಕೆಯ ಹೆಸರಿನಲ್ಲಿವೆ.

ಹೆಸರು ಹೇಳುವ ರಹಸ್ಯವೂ ಸರಳವಾದದ್ದು. ಆಗ ಮುದ್ರಣದ ಮೂಲ ಫಲಕಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಮರಳಿ ಬರುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಠುಮ್ರಿಯೂ ಗೊತ್ತಿಲ್ಲ, ಹಾಡಿದವರೂ ಗೊತ್ತಿಲ್ಲ. ಯಾವ ಫಲಕ ಯಾರದೆಂದು ಗುರುತಿಸಿ ಚೀಟಿ ಅಂಟಿಸಲು ಹಾಡಿನ ಕೊನೆಗೆ ಹೆಸರು ಕೂಗುವ ಪದ್ಧತಿ ಬಂದಿತು. ನಾವು ಅಣಕಿಸಿದ್ದು ಒಬ್ಬ ಕಲಾವಿದೆ ತನ್ನ ಹಾಡು ಅನ್ಯರ ಹೆಸರಿನಲ್ಲಿ ಕಳೆದುಹೋಗದಂತೆ ಹಾಕಿದ ಸಹಿಯನ್ನು.

ಇತಿಹಾಸದ ಮೇಷ್ಟರಾಗಿ ಇನ್ನೊಂದು ಲೆಕ್ಕವನ್ನೂ ಹಾಕಿದೆ. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಂಪನಿಯ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಎರಡೂ ಬದಿಯಲ್ಲಿ ಹಾಡಿರುವ ತಟ್ಟೆಗಳು ಬಳಕೆಗೆ ಬಂದದ್ದೂ ಆ ದಶಕದ ಕೊನೆಯ ಹೊತ್ತಿಗೆ. ಕೊಂಬಿನ ಮುಂದೆ ಕುಳಿತ ನಾಯಿಯ ಪ್ರಸಿದ್ಧ ಚಿತ್ರ 1909ರ ನಂತರ ಕ್ರಮೇಣ ಫರಿಷ್ತೆಯ ಜಾಗಕ್ಕೆ ಬಂದು ಕುಳಿತಿತು. ಒಂದೇ ಬದಿ, ಫರಿಷ್ತೆಯ ಚೀಟಿ: ಎಂದರೆ ದಾದಾರ ತಟ್ಟೆ ಗೌಹರ್ ಜಾನ್‌ರ ತೀರ ಮೊದಲ ವರ್ಷಗಳದು, ಜರ್ಮನಿಯಲ್ಲಿ ಅಚ್ಚಾದದ್ದು. ಅದರಲ್ಲಿದ್ದ ಅರಗಾದರೋ ಬಹುಮಟ್ಟಿಗೆ ನಮ್ಮ ನೆಲದ್ದೇ. ಏಕೆಂದರೆ ಜಗತ್ತಿಗೆ ಅರಗು ಒದಗಿಸುತ್ತಿದ್ದುದು ಮುಖ್ಯವಾಗಿ ಭಾರತದ ಕಾಡುಗಳ ಅರಗಿನ ಹುಳುಗಳು. ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತಿದ ಆ ತಟ್ಟೆ ಉಕ್ಕಿನ ಮುಳ್ಳಿನ ಉಜ್ಜಾಟವನ್ನು ತಾಳಿಕೊಳ್ಳುತ್ತದೆ. ಆದರೆ ಕೈ ಜಾರಿ ಬಿದ್ದರೆ ಮಣ್ಣಿನ ಹೆಂಚಿನಂತೆ ಚೂರಾಗುತ್ತದೆ.

ಅದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಗೌಹರ್ ಜಾನ್ ಮೈಸೂರಿಗೆ ಬಂದದ್ದು ಸೋತು ದಣಿದು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿಯೊಡನೆ ಚಕ್ರವರ್ತಿಯ ಮುಂದೆ ಹಾಡಿದವಳು, ವೈಭವದ ಸಾರೋಟಿನಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಮೆರೆದವಳು, ನಂಬಿದವರೊಡನೆಯೇ ಕೋರ್ಟು ವ್ಯಾಜ್ಯಗಳನ್ನಾಡಿ ಆಸ್ತಿ ಕಳೆದುಕೊಂಡಳು. ಕೊನೆಗೆ 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನ ಸಂಗೀತಗಾರ್ತಿಯಾಗಿ ನೇಮಿಸಿ, ತಿಂಗಳಿಗೆ 500 ರೂಪಾಯಿ ಗೊತ್ತುಮಾಡಿ, ದಿಲ್‌ಖುಷ್ ಕಾಟೇಜ್ ಎಂಬ ಮನೆಯಲ್ಲಿ ಇರಿಸಿದರು. ಇದು ಆಕಸ್ಮಿಕವಾದ ಔದಾರ್ಯವಲ್ಲ. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥವರ ಆಸ್ಥಾನವಾಗಿದ್ದ ಮೈಸೂರು ಹಿಂದೂಸ್ತಾನಿ ಸಂಗೀತಕ್ಕೂ ಬಾಗಿಲು ತೆರೆದಿಟ್ಟಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಇಲ್ಲಿನ ಆಸ್ಥಾನದಲ್ಲಿದ್ದರು. ಫಯಾಜ್ ಖಾನರಿಗೆ ‘ಅಫ್ತಾಬ್-ಎ-ಮೌಸಿಕಿ’ ಎಂಬ ಬಿರುದು ಮೈಸೂರಿನದೇ. ಅಬ್ದುಲ್ ಕರೀಂ ಖಾನರು ಇಲ್ಲಿಗೆ ಮತ್ತೆ ಮತ್ತೆ ಬಂದು ಹಾಡಿದರು. ಆದರೆ ಗೌಹರ್ ಜಾನ್‌ಗೆ ಈ ಊರಿನಲ್ಲಿ ಉಳಿದಿದ್ದದ್ದು ಒಂದೂವರೆ ವರ್ಷ ಮಾತ್ರ. ಜ್ವರ ಹಿಡಿದು ಆಸ್ಪತ್ರೆ ಸೇರಿದವಳು ಮತ್ತೆ ಹೊರಗೆ ಬರಲಿಲ್ಲ.

ದಾದಾ ಆಗ ಹದಿನೇಳು ಹದಿನೆಂಟರ ಹುಡುಗ. ತಮ್ಮ ತಂದೆಯ ಟಾಂಗಾದಲ್ಲಿ ಒಮ್ಮೆ ಆಕೆಯನ್ನು ಕೂರಿಸಿಕೊಂಡು ಹೋಗಿದ್ದಾಗಿ ಅವರು ಹೇಳುತ್ತಿದ್ದರು. "ಹಾಡಲಿಲ್ಲ, ಮಾತೂ ಆಡಲಿಲ್ಲ. ಇಳಿಯುವಾಗ ಕುದುರೆಯ ಕುತ್ತಿಗೆ ಸವರಿ ಹೋದಳು" ಎಂದಷ್ಟೇ ಅವರ ವರ್ಣನೆ. ಇದಕ್ಕೆ ಯಾವ ದಾಖಲೆಯೂ ಇಲ್ಲ. ಇತಿಹಾಸಕಾರ ಇದನ್ನು ಒಪ್ಪಲಾರ. ಆದರೆ ಸುಳ್ಳು ಹೇಳುವವನು ಇಷ್ಟು ಸಣ್ಣ ಸುಳ್ಳು ಹೇಳುವುದಿಲ್ಲವೆಂದು ನನ್ನ ಅನಿಸಿಕೆ. ಸುಳ್ಳು ಹೇಳುವವನಾಗಿದ್ದರೆ ಟಾಂಗಾದಲ್ಲಿ ಕುಳಿತು ಆಕೆ ತನಗಾಗಿ ಹಾಡಿದಳೆನ್ನುತ್ತಿದ್ದ.

1974ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ನಮ್ಮ ತಂದೆಯವರಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು. ಮನೆಯಲ್ಲೂ ಒಂದು ಹಳೆಯ ಗ್ರಾಮಫೋನ್ ಇತ್ತು. ಗೌಹರ್ ಜಾನ್ ತಟ್ಟೆಯ ಸುದ್ದಿ ಕೇಳಿ, "ಒಂದು ಸಲ ಕೇಳುವ ಯೋಗ ಇದ್ದಿದ್ದರೆ!" ಎಂದರು. ನಾನು ಗೆಳೆಯನನ್ನು ಕಾಡಿದೆ. ಅವನು ದಾದಾರನ್ನು ಕಾಡಿದ. ಒಂದು ಬುಧವಾರ ದಾದಾ ತಟ್ಟೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಸೈಕಲ್ ಹತ್ತಬೇಡ, ನಡ್ಕೊಂಡು ಹೋಗು ಬೇಟಾ" ಎಂದರು. ಓಣಿಯ ತಿರುವು ದಾಟುವವರೆಗೆ ನಡೆದೆ. ನಂತರ ಸೈಕಲ್ ಹತ್ತಿದೆ. ಸಯ್ಯಾಜಿ ರಾವ್ ರಸ್ತೆಗೆ ತಿರುಗುವಾಗ ಎದುರಿಗೆ ಒಂದು ಗಾಡಿ ಬಂತು, ಬ್ರೇಕು ಹಿಡಿದೆ, ಕ್ಯಾರಿಯರಿನಲ್ಲಿದ್ದ ಗಂಟು ಜಾರಿ ಬಿತ್ತು. ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ, ಸದ್ದೇ ಹೇಳಿತು. ಐದು ಚೂರುಗಳು. ಅವನ್ನು ಮೋರಿಗೆ ಎಸೆದೆ. ಪಂಚೆಯನ್ನು ಮಡಿಸಿ ಮನೆಗೆ ತಂದೆ. ತಂದೆಯವರಿಗೆ "ದಾದಾ ಕೊಡಲಿಲ್ಲ" ಎಂದೆ.

ಮರುದಿನವೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಒಮ್ಮೆ ಗೆಳೆಯ ಮನೆಗೆ ಬಂದಾಗ, "ತಂದೆಯವರು ಇನ್ನೂ ಕೇಳಬೇಕಂತಾರೆ, ಆಮೇಲೆ ತಂದುಕೊಡುತ್ತೇನೆ" ಎಂದು ಬಾಗಿಲಲ್ಲೇ ನಿಂತು ಹೇಳಿದೆ. ಅವನು ತಲೆಯಾಡಿಸಿ ಹೋದ. ನಾನು ಕಾಲೇಜು ಸೇರಿದೆ. ದಾದಾ ತೀರಿಕೊಂಡ ಸುದ್ದಿ ಬೇರೆ ಯಾರಿಂದಲೋ ತಿಳಿಯಿತು, ಸಾವಿನ ಮನೆಗೂ ಹೋಗಲಿಲ್ಲ. 1975ರಲ್ಲಿ ಅವರ ಕುಟುಂಬ ಹೈದರಾಬಾದಿಗೆ ಹೋಯಿತೆಂದು ಕೇಳಿದೆ. ಅಲ್ಲಿಗೆ ಮುಗಿಯಿತು.

ವಯಸ್ಸಾದಂತೆ ಮನುಷ್ಯ ತನಗೆ ಅನುಕೂಲವಾಗುವಂತೆ ನೆನಪನ್ನು ತಿದ್ದಿಕೊಳ್ಳುತ್ತಾನೆ. ತಟ್ಟೆ ಒಡೆದ ಕೆಲವೇ ದಿನಗಳಲ್ಲಿ ದಾದಾ ಹೋದರು, ಹೇಳಲು ನನಗೆ ಸಮಯವೇ ಸಿಗಲಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಹಾಗೆಂದು ಹೆಂಡತಿಗೂ ಹೇಳಿದ್ದೆ.

ನಿವೃತ್ತಿಯ ನಂತರ ಆ ತಟ್ಟೆಗೆ ಬದಲಾಗಿ ಅಂಥದೇ ಒಂದನ್ನು ಹುಡುಕುವ ಗೀಳು ಹತ್ತಿತು. ಯಾರಿಗೆ ಕೊಡುವುದೆಂಬ ಸ್ಪಷ್ಟ ಕಲ್ಪನೆಯಿರಲಿಲ್ಲ. 2023ರ ಜನವರಿಯಲ್ಲಿ ಮಂಡಿ ಮೊಹಲ್ಲಾದ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ, ಗೌಹರ್ ಜಾನ್ ತಟ್ಟೆ ಬೇಕು, ನಾಯಿ ಚಿತ್ರದ್ದಲ್ಲ, ಫರಿಷ್ತೆಯದು, ಒಂದೇ ಬದಿಯದು ಎಂದೆ. ಅಂಗಡಿಯವರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಏನ್ ಸಾರ್ ಇದು! ಇದನ್ನೇ ಕೇಳ್ಕೊಂಡು ಇನ್ನೊಬ್ರು ಬರ್ತಾರೆ. ಹೀಗೇ ಹೇಳ್ತಾರೆ, ಫರಿಷ್ತೆ, ಒಂದೇ ಸೈಡು ಅಂತ. ಗಲ್ಫಿಂದ ಬಂದು ಇಲ್ಲೇ ಸೆಟ್ಲ್ ಆಗವ್ರೆ."

ನನ್ನ ಎದೆ ಧಸಕ್ಕೆಂದಿತು. ಫೋನ್ ನಂಬರು ಕೊಡಲು ಅವರು ಮೊದಲು ಒಪ್ಪಲಿಲ್ಲ. ನನ್ನ ಹೆಸರು ಕೇಳಿಕೊಂಡು ಅಲ್ಲಿಂದಲೇ ಫೋನ್ ಮಾಡಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನಂತರ ಅಂಗಡಿಯವರು ನಗುತ್ತ ಹೇಳಿದರು: "ಪ್ಲೇಟು ತಂದಿದಾರಾ ಕೇಳಿ ಅಂತಿದಾರೆ ಸಾರ್."

ಅರ್ಧ ಗಂಟೆಯಲ್ಲಿ ಅವನು ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ನಡಿಗೆ ಮಾತ್ರ ಹಳೆಯದೇ. ಹೈದರಾಬಾದಿನಿಂದ ದಮ್ಮಾಮಿಗೆ ಹೋಗಿ, ಅಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, 2019ರಲ್ಲಿ ಮೈಸೂರಿಗೆ ಮರಳಿದ್ದನಂತೆ. ನಾವು ಪಕ್ಕದ ಟೀ ಅಂಗಡಿಯಲ್ಲಿ ಕುಳಿತೆವು. ನಾನು ಪೀಠಿಕೆಯಿಲ್ಲದೆ ಎಲ್ಲವನ್ನೂ ಹೇಳಿದೆ. ಸೈಕಲ್, ಗಾಡಿ, ಐದು ಚೂರು, ಮೋರಿ, ಬಾಗಿಲಲ್ಲಿ ಹೇಳಿದ ಸುಳ್ಳು. ಕೊನೆಗೆ, "ದಾದಾ ಅಷ್ಟು ಬೇಗ ಹೋಗಿಬಿಟ್ಟರು, ಇಲ್ಲದಿದ್ದರೆ ಬಂದು ಹೇಳುತ್ತಿದ್ದೆ" ಎಂದೆ.

ಅವನು ಏನೂ ಹೇಳಲಿಲ್ಲ. "ನಾಳೆ ಮನೆಗೆ ಬಾ" ಎಂದ.

ಮರುದಿನ ಅವನು ನನ್ನ ಮುಂದಿಟ್ಟದ್ದು ನಮ್ಮ ಗೀತ್‌ಮಾಲಾ ನೋಟ್‌ಬುಕ್ಕು, ಅವನದು, ಉರ್ದುವಿನದು. ಹೈದರಾಬಾದು, ದಮ್ಮಾಮು ಸುತ್ತಿ ಬಂದಿತ್ತು. 1974ರ ಬೇಸಿಗೆಯ ಪುಟಗಳನ್ನು ತೆರೆದು, "ಓದು, ಮೇಷ್ಟ್ರೇ. ಅಕ್ಷರ ಮರೆತಿದೀಯೋ ಹೇಗೆ?" ಎಂದ. ತಡವರಿಸಿ ಓದಿದೆ. ಒಂದೊಂದು ಬುಧವಾರದ ಪಟ್ಟಿಯ ಕೆಳಗೂ ಒಂದೇ ಸಾಲು: ಪ್ಲೇಟು ಬಂದಿಲ್ಲ. ಮುಂದಿನ ಬುಧವಾರ, ಪ್ಲೇಟು ಬಂದಿಲ್ಲ. ಎಣಿಸಿದೆ. ಏಳು ವಾರ. ಎಂಟನೆಯ ವಾರ ಹಾಡಿನ ಪಟ್ಟಿಯಿಲ್ಲ, ದಾದಾ ತೀರಿಕೊಂಡ ತಾರೀಖು ಮಾತ್ರ ಇತ್ತು.

ಕೆಲವು ದಿನಗಳಲ್ಲ, ಏಳು ವಾರ. ಮೂಲ ದಾಖಲೆಯ ಮುಂದೆ ನೆನಪು ನಿಲ್ಲುವುದಿಲ್ಲವೆಂದು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಅಂದು ಆ ಪಾಠ ನನಗಾಯಿತು.

"ದಾದಾಗೆ ಗೊತ್ತಿತ್ತು ಕಣೋ" ಎಂದ ಗೆಳೆಯ. "ನೀನು ಬಿದ್ದಿದ್ದನ್ನ ಗಾಡಿಯವನೊಬ್ಬ ನೋಡಿ ಅವತ್ತೇ ಬಂದು ಹೇಳಿದ್ದ. ನಾನು ಜಗಳಕ್ಕೆ ಹೊರಟೆ, ದಾದಾ ಬಿಡಲಿಲ್ಲ. ಪ್ಲೇಟು ಹೋದ್ರೆ ಹೋಯ್ತು, ಹುಡುಗ ಬರಲಿ, ಅವನೇ ಬಂದು ಹೇಳಲಿ ಅಂದ್ರು. ಪ್ರತಿ ಬುಧವಾರ ನಾನು ಟೀ ಅಂಗಡಿಯಿಂದ ಬಂದ ಮೇಲೆ, ಬಂದಿದ್ನಾ ಅಂತ ಕೇಳೋರು. ನಾನು ಪ್ಲೇಟು ಬಂದಿಲ್ಲ ಅಂತ ಬರೀತಿದ್ದೆ. ಅವರು ಕೇಳ್ತಿದ್ದದ್ದು ಪ್ಲೇಟಿನ ಬಗ್ಗೆ ಅಲ್ಲ."

ನನಗೆ ಮಾತು ಹೊರಡಲಿಲ್ಲ. ಕ್ಷಮಿಸು ಎಂಬ ಪದವನ್ನು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವನು ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. "ನನ್ನ ಕೈಲಿ ಕ್ಷಮೆ ಕೇಳಿ ಏನು ಮಾಡ್ತೀಯ, ಕಾದವರು ಬೇರೆ" ಎಂದಷ್ಟೇ ಹೇಳಿ ಒಳಗೆ ಹೋಗಿ ಟೀ ತಂದ. ಒಂದೇ ಲೋಟದಲ್ಲಿ ತಂದು, ಇನ್ನೊಂದಕ್ಕೆ ಅರ್ಧ ಸುರಿದ.

ಮರುವಾರ ನಾವಿಬ್ಬರೂ ಕೃಷ್ಣರಾಜೇಂದ್ರ ಆಸ್ಪತ್ರೆಯ ಎದುರು ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತೆವು. ಅಂದು ಜನವರಿ 17. ಗೌಹರ್ ಜಾನ್‌ರ ಹಾಡುಗಳನ್ನು ಹಳೆಯ ತಟ್ಟೆಗಳಿಂದ ಗಣಕಕ್ಕೆ ಇಳಿಸಿ ಜನರಿಗೆ ಕೇಳಿಸಿದವರ ಪುಣ್ಯದಿಂದ ಇಂದು ಆಕೆಯ ಧ್ವನಿ ಮೊಬೈಲಿನಲ್ಲೂ ಸಿಗುತ್ತದೆ. ಅವನು ಒಂದು ಹಾಡು ಹಾಕಿದ. ಬಸ್ಸುಗಳ ಗದ್ದಲದಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮೂರು ನಿಮಿಷ ಕಳೆದ ಮೇಲೆ ಆಕೆ ತನ್ನ ಹೆಸರನ್ನು ಹೇಳಿದಳು. ಈ ಸಲ ನಾವು ಯಾರೂ ಅಣಕಿಸಲಿಲ್ಲ. ತಪ್ಪನ್ನಾಗಲಿ ಹಾಡನ್ನಾಗಲಿ, ಇದು ನನ್ನದು ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ದೊಡ್ಡ ಕೆಲಸವೆಂದು ನನಗೆ ಅರ್ಥವಾಗಲು ಇಷ್ಟು ವರ್ಷಗಳು ಬೇಕಾದವು.

2024ರ ಫೆಬ್ರವರಿಯಲ್ಲಿ ಅಮೀನ್ ಸಯಾನಿಯವರು ತೀರಿಕೊಂಡಾಗ ಮೊದಲು ಬಂದ ಫೋನ್ ಅವನದೇ. ಅಂದಿನಿಂದ ಬುಧವಾರ ರಾತ್ರಿ ಎಂಟು ಗಂಟೆಗೆ ನಾವು ಮಂಡಿ ಮೊಹಲ್ಲಾದಲ್ಲಿ ಸೇರುತ್ತೇವೆ. ಹಳೆಯ ಟೀ ಅಂಗಡಿ ಈಗಿಲ್ಲ, ಆ ಜಾಗದಲ್ಲಿ ಮೊಬೈಲು ರಿಪೇರಿ ಅಂಗಡಿಯಿದೆ. ಸ್ವಲ್ಪ ಮುಂದೆ ಇನ್ನೊಂದು ಟೀ ಅಂಗಡಿ ಹುಡುಕಿಕೊಂಡಿದ್ದೇವೆ. ಫರಿಷ್ತೆಯ ಚೀಟಿಯ ಗೌಹರ್ ಜಾನ್ ತಟ್ಟೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಯಾರು ಇಟ್ಟುಕೊಳ್ಳುವುದೆಂಬ ಬಗ್ಗೆ ವಾದ ನಡೆದಿದೆ. ಮನೆಗೆ ಒಯ್ಯುವಾಗ ನಾನು ಮುಟ್ಟಬಾರದೆಂಬ ಒಂದು ಷರತ್ತಿಗೆ ಮಾತ್ರ ಇಬ್ಬರೂ ಒಪ್ಪಿದ್ದೇವೆ.